ಜೋಡಿಯಲ್ಲಿ ಒಂದೇ ಕುಗ್ಗಿದ ಚಪ್ಪಲಿ: ಪೀಣ್ಯದ ಇವಿಎ ಫೋಮ್ ಘಟಕವೊಂದರ ಪ್ರಕರಣ ಅಧ್ಯಯನ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಫೋಮ್ ಹಾಳೆ ತಯಾರಿಸುವ ಸಣ್ಣ ಘಟಕವೊಂದರಲ್ಲಿ ನಡೆದ ಪ್ರಕರಣವಿದು. ಘಟಕದ, ಅದರ ಗ್ರಾಹಕರ ಮತ್ತು ಕಚ್ಚಾವಸ್ತು ಪೂರೈಸಿದ ವ್ಯಾಪಾರಿಯ ಗುರುತು ಸಿಗದಂತೆ ಹೆಸರುಗಳನ್ನು ಬಿಟ್ಟು, ಕೆಲವು ಪ್ರಮಾಣಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳು ಮತ್ತು ನಿರ್ಧಾರಗಳ ಕ್ರಮ ನಡೆದಂತೆಯೇ ಇವೆ. ಇಂಥದೇ ಕಸುಬಿನಲ್ಲಿರುವವರು ಹಾಳೆ ಕುಗ್ಗಿದಾಗ ಮೊದಲು ಕೈ ಹಾಕುವುದು ಪಾಕದ, ಅಂದರೆ ಕಚ್ಚಾವಸ್ತುಗಳ ಮಿಶ್ರಣದ ಮೇಲೆ, ಬೆರಳು ತೋರಿಸುವುದು ರಾಳದ, ಅಂದರೆ ಅದರಲ್ಲಿನ ಮುಖ್ಯ ಪ್ಲಾಸ್ಟಿಕ್ ವಸ್ತುವಿನ ಮೇಲೆ. ಈ ಘಟಕದಲ್ಲಿಯೂ ಹಾಗೆಯೇ ಆಯಿತು, ಅದಕ್ಕೆ ತೆತ್ತ ಬೆಲೆಯೂ ಸಣ್ಣದಾಗಿರಲಿಲ್ಲ. ಆದ್ದರಿಂದ ಇದನ್ನು ವಿವರವಾಗಿ ಬರೆದಿಡುವುದು ಅಗತ್ಯವೆಂದು ನನಗೆ ಅನ್ನಿಸಿತು.

ಹಿನ್ನೆಲೆ

ಘಟಕದ ಮುಖ್ಯ ಕಚ್ಚಾವಸ್ತು ಎಥಿಲೀನ್ ವಿನೈಲ್ ಅಸಿಟೇಟ್, ಅಂದರೆ ಇವಿಎ. ಎಥಿಲೀನ್ ಮತ್ತು ವಿನೈಲ್ ಅಸಿಟೇಟ್ ಎಂಬ ಎರಡು ರಾಸಾಯನಿಕಗಳನ್ನು ಅತಿ ಹೆಚ್ಚಿನ ಒತ್ತಡದಲ್ಲಿ ಒಟ್ಟಿಗೆ ಸರಪಳಿಗಟ್ಟಿಸಿ ಮಾಡುವ ಈ ರಾಳದ ಗುಣವೆಲ್ಲ ಅದರಲ್ಲಿ ವಿನೈಲ್ ಅಸಿಟೇಟ್ ಎಷ್ಟು ಪಾಲು ಇದೆ ಎಂಬುದರ ಮೇಲೆ ನಿಂತಿದೆ. ಪಾಲು ಶೇ. 10ಕ್ಕಿಂತ ಕಡಿಮೆ ಇದ್ದರೆ ಅದು ಪಾಲಿಥಿನ್‌ಗೆ ಹತ್ತಿರದ, ಪ್ಯಾಕಿಂಗ್ ಫಿಲ್ಮಿಗೆ ಹೊಂದುವ ವಸ್ತು. ಶೇ. 18ರಿಂದ 28ರವರೆಗಿನದು ಚಪ್ಪಲಿ ಮತ್ತು ಶೂಗಳ ಫೋಮಿಗೆ ಬರುತ್ತದೆ. ಶೇ. 28ರ ಆಸುಪಾಸಿನಲ್ಲಿಯೇ ತುಂಬ ತೆಳುವಾಗಿ ಕರಗುವ ದರ್ಜೆಗಳು ಬಿಸಿ ಅಂಟಿಗೆ ಹೋಗುತ್ತವೆ. ಪಾಲು ಹೆಚ್ಚಿದಂತೆ ರಾಳ ಮೃದುವಾಗುತ್ತದೆ, ಕರಗುವ ಉಷ್ಣತೆ ಇಳಿಯುತ್ತದೆ: ಶೇ. 18ರದು ಸುಮಾರು 85ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಶೇ. 28ರದು 75 ಡಿಗ್ರಿಗಿಂತ ಕೆಳಗೇ ಕರಗುತ್ತದೆ.

ಈ ಘಟಕ ಎರಡು ಬಗೆಯ ಸರಕು ಮಾಡುತ್ತಿತ್ತು. ಒಂದು, ಮಾಗಡಿ ರಸ್ತೆಯ ಕಡೆಯ ಚಪ್ಪಲಿ ತಯಾರಕರಿಗೆ ಬೇಕಾದ ಗಟ್ಟಿ ಹಾಳೆ. ಇನ್ನೊಂದು, ಯಂತ್ರದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಅಲುಗಾಡದಂತೆ ಕೂರಿಸುವ ಹಗುರವಾದ ಪ್ಯಾಕಿಂಗ್ ಹಾಳೆ. ಚಪ್ಪಲಿ ಹಾಳೆಗೆ ಶೇ. 18ರ ದಾಣಾ, ಅಂದರೆ ಕಾಳಿನ ರೂಪದ ಇವಿಎ ರಾಳ, ಬಳಕೆಯಾಗುತ್ತಿತ್ತು. 100 ಭಾಗ ದಾಣಾಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ಸ್ವಲ್ಪ ಸ್ಟಿಯರಿಕ್ ಆಸಿಡ್, ಜಿಂಕ್ ಆಕ್ಸೈಡ್, ಹಿಗ್ಗಿಸುವ ಹಳದಿ ಪುಡಿಯಾದ ಅಜೋಡೈಕಾರ್ಬನಮೈಡ್ ಮತ್ತು ಒಂದು ಭಾಗಕ್ಕಿಂತ ಕಡಿಮೆ ಡೈಕ್ಯೂಮಿಲ್ ಪೆರಾಕ್ಸೈಡ್ ಸೇರುತ್ತಿತ್ತು. ಕಸುಬಿನವರು ಈ ಕೊನೆಯದನ್ನು ಡಿಸಿಪಿ ಎನ್ನುತ್ತಾರೆ. ಇವೆಲ್ಲವನ್ನೂ ನೀಡರ್ ಎಂಬ ಕಲಸುವ ಯಂತ್ರದಲ್ಲಿ 110 ಡಿಗ್ರಿಯ ಆಸುಪಾಸಿನಲ್ಲಿ ಕಲಸಿ, ಮಿಲ್ಲಿನ ಎರಡು ರೋಲುಗಳ ನಡುವೆ ಹಾಯಿಸಿ, ತೂಕ ಮಾಡಿ ಅಚ್ಚಿನೊಳಗೆ ಇಟ್ಟು, 165 ಡಿಗ್ರಿಯ ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಿದ್ದರು. ಪ್ರೆಸ್ಸಿನೊಳಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಹಳದಿ ಪುಡಿ ಒಡೆದು ಬಹುಪಾಲು ಸಾರಜನಕವಿರುವ ಅನಿಲವನ್ನು ಬಿಡುತ್ತದೆ, ಡಿಸಿಪಿ ರಾಳದ ಸರಪಳಿಗಳನ್ನು ಒಂದಕ್ಕೊಂದು ಬೆಸೆದು ಬಲೆ ಕಟ್ಟುತ್ತದೆ. ಪ್ರೆಸ್ ಬಾಯಿ ತೆರೆದ ಕೂಡಲೆ ಹಾಳೆ ಅಚ್ಚಿನಿಂದ ಹಾರಿ ಎಲ್ಲ ದಿಕ್ಕಿಗೂ ಹಿಗ್ಗಿ ಬೀಳುತ್ತದೆ. ಆ ಹಿಗ್ಗುವಿಕೆಯನ್ನು ಹಿಡಿದು ನಿಲ್ಲಿಸುವುದು ಡಿಸಿಪಿ ಕಟ್ಟಿದ ಬಲೆ. ಬಲೆ ಸಡಿಲವಾಗಿದ್ದರೆ ಗುಳ್ಳೆಗಳ ಗೋಡೆ ಬಿಸಿಗೆ ಸೋತು ಅನಿಲ ಬಿಟ್ಟುಕೊಡುತ್ತದೆ, ಹಾಳೆ ಕುಗ್ಗುತ್ತದೆ.

ಸಮಸ್ಯೆ

ಫೆಬ್ರುವರಿಯಲ್ಲಿ ದಾಣಾದ ಬೆಲೆ ಏರಿದಾಗ ಮಾಲೀಕರು ಹಳೆಯ ವ್ಯಾಪಾರಿಯನ್ನು ಬಿಟ್ಟು ಹೊಸಬರಿಂದ ಖರೀದಿಸತೊಡಗಿದರು. ಎರಡೂ ಶೇ. 18ರ ದರ್ಜೆಗಳೇ. ಎರಡರ ಪ್ರಮಾಣಪತ್ರದಲ್ಲಿಯೂ ಕರಗಿದ ರಾಳದ ಹರಿವಿನ ಅಂಕೆ 2.5ರ ಸುತ್ತಲೇ ಇತ್ತು. ಏಪ್ರಿಲ್ ಹೊತ್ತಿಗೆ ಚಪ್ಪಲಿ ತಯಾರಕರಿಂದ ದೂರು ಬಂತು. ಅಂಗಡಿಯಲ್ಲಿಟ್ಟ ಚಪ್ಪಲಿಗಳು ಕುಗ್ಗುತ್ತಿವೆ, ಎಂಟನೇ ಸೈಜಿನದು ಏಳರಂತೆ ಕಾಣುತ್ತಿದೆ, ವಾಪಸಾದ ಸರಕಿನ ಮೂಟೆಗಳು ಗೋದಾಮಿನಲ್ಲಿ ಬಿದ್ದಿವೆ ಎಂದು ಅವರು ತಿಳಿಸಿದರು.

ದೂರಿನಲ್ಲಿ ಎರಡು ವಿವರಗಳಿದ್ದವು. ಆಗ ಯಾರೂ ಅವನ್ನು ಎತ್ತಿಕೊಳ್ಳಲಿಲ್ಲ. ಮೊದಲನೆಯದು, ವಾಪಸಾದ ಸರಕಿನಲ್ಲಿ ಬಹುಪಾಲು ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆಯದಾಗಿತ್ತು, ಬೆಂಗಳೂರಿನ ಅಂಗಡಿಗಳದು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಅಂಗಡಿಯ ಮುಂದೆ ದಾರಕ್ಕೆ ಪೋಣಿಸಿ ತೂಗುಹಾಕಿದ ಚಪ್ಪಲಿಯ ಮೈ ಅದಕ್ಕಿಂತ ಬಹಳ ಮೇಲೇರುತ್ತದೆ. ಎರಡನೆಯದು, ಕುಗ್ಗಿದ ಜೋಡಿಗಳಲ್ಲಿ ಎಷ್ಟೋ ಕಡೆ ಒಂದು ಕಾಲಿನದು ಮಾತ್ರ ಕುಗ್ಗಿತ್ತು, ಇನ್ನೊಂದು ಕಾಲಿನದು ಅಚ್ಚಿನ ಅಳತೆಗೆ ಸರಿಯಾಗಿ ಉಳಿದಿತ್ತು. ಚಪ್ಪಲಿ ತಯಾರಕರು ಇದನ್ನು ತಮ್ಮ ಕಟಿಂಗ್ ವಿಭಾಗದ ಅಜಾಗರೂಕತೆ ಎಂದುಕೊಂಡು ಅಲ್ಲಿಯ ಹುಡುಗರನ್ನು ಗದರಿಸಿದ್ದರು. ಈ ಪ್ರಕರಣದ ಉತ್ತರವೆಲ್ಲ ಆ ಜೋಡಿಯಲ್ಲಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಮೊದಲು ಮಾಡಿದ ಪ್ರಯತ್ನಗಳು

ದಾಣಾ ಬದಲಾದ ಮೇಲೆ ದೂರು ಬಂದದ್ದರಿಂದ ದಾಣಾವೇ ಕಾರಣವೆಂದು ಮಾಲೀಕರು ತೀರ್ಮಾನಿಸಿದರು. ಹೊಸ ವ್ಯಾಪಾರಿಗೆ ಕೊಡಬೇಕಾದ ಹಣ ತಡೆಹಿಡಿದರು. ವ್ಯಾಪಾರಿ ತಮ್ಮ ಕಡೆಯಿಂದ ಪರೀಕ್ಷಾ ವರದಿ ಕಳಿಸಿದರೂ ಅದನ್ನು ಓದುವ ತಾಳ್ಮೆ ಆ ದಿನಗಳಲ್ಲಿ ಯಾರಿಗೂ ಇರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚಿನ ಬೇಡಿಕೆ ಜೋರಾಗಿದ್ದ ಕಾಲವದು. ಗೋದಾಮಿನಲ್ಲಿ ಟನ್ನುಗಟ್ಟಲೆ ಹೊಸ ದಾಣಾ ಇದ್ದುದರಿಂದ ಅದನ್ನು ಬಳಸದೆ ಬೇರೆ ದಾರಿಯೂ ಇರಲಿಲ್ಲ.

ಉತ್ಪಾದನೆಯ ಮೇಲ್ವಿಚಾರಕರು, ಬಲೆ ಸಾಕಷ್ಟು ಬಿಗಿಯಾಗಿಲ್ಲ ಎಂಬ ಊಹೆಯ ಮೇಲೆ ಡಿಸಿಪಿಯನ್ನು ಕಾಲು ಭಾಗದಷ್ಟು ಹೆಚ್ಚಿಸಿದರು. ಊಹೆ ಅರ್ಧ ಸರಿ ಇತ್ತು, ಔಷಧ ಸರಿ ಇರಲಿಲ್ಲ. ಹಾಳೆ ಮೊದಲಿಗಿಂತ ಕಡಿಮೆ ಹಿಗ್ಗಿತು. ಒಂದು ಹಾಳೆಗೆ ಬರುತ್ತಿದ್ದ ಅಟ್ಟೆಗಳ ಸಂಖ್ಯೆ ಇಳಿಯಿತು. ಪ್ರೆಸ್ ತೆರೆದಾಗ ಕೆಲವು ಹಾಳೆಗಳ ಅಂಚು ಸೀಳಿದವು. ಡಿಸಿಪಿ ಒಡೆದಾಗ ಹುಟ್ಟುವ ಅಸಿಟೋಫಿನೋನ್‌ನ ಘಾಟು ಚಪ್ಪಲಿಯಲ್ಲಿ ಉಳಿದು, ಅದರ ಬಗ್ಗೆಯೇ ಹೊಸ ದೂರು ಬಂತು. ಕುಗ್ಗುವಿಕೆ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಹಾಳೆಯ ಕೆಲವು ಭಾಗ ಅತಿಯಾಗಿ ಗಟ್ಟಿಯಾಗಿ, ಕೆಲವು ಭಾಗ ಹಿಂದಿನಂತೆಯೇ ಸಡಿಲವಾಗಿ ಉಳಿಯಿತು. ಈ ವ್ಯತ್ಯಾಸವನ್ನು ಗಮನಿಸುವ ಬದಲು, ಹೊಸ ದಾಣಾಕ್ಕೆ ಡಿಸಿಪಿ ಹಿಡಿಸುವುದಿಲ್ಲ ಎಂಬ ಮಾತು ಕಾರ್ಖಾನೆಯಲ್ಲಿ ಹರಡಿತು.

ನಂತರ ಕ್ಯಾಲ್ಸಿಯಂ ಪುಡಿಯನ್ನು ಕಡಿಮೆ ಮಾಡಿ ನೋಡಿದರು, ಹಳೆಯ ಹಾಳೆಯ ಚೂರನ್ನು ಪುಡಿಮಾಡಿ ಬೆರೆಸುವುದನ್ನು ನಿಲ್ಲಿಸಿದರು. ಇವುಗಳಿಂದ ಖರ್ಚು ಏರಿತು, ಫಲ ಕಾಣಲಿಲ್ಲ. ಒಂದು ಬದಲಾವಣೆಯ ಪರಿಣಾಮ ಅಳೆಯುವ ಮೊದಲೇ ಮತ್ತೊಂದನ್ನು ಮಾಡಿದ್ದರಿಂದ ಯಾವುದರಿಂದ ಏನಾಯಿತು ಎಂದು ಹೇಳುವುದೂ ಅಸಾಧ್ಯವಾಯಿತು. ನನ್ನನ್ನು ಕರೆದದ್ದು ಈ ಹಂತದಲ್ಲಿ.

ತಿರುವು

ಮೊದಲ ಕೆಲಸವಾಗಿ ಪಾಕವನ್ನು ಜನವರಿಯಲ್ಲಿದ್ದ ಸ್ಥಿತಿಗೆ ಮರಳಿಸುವಂತೆ ಕೇಳಿಕೊಂಡೆ. ಹಳೆಯ ದಾಣಾದ ಒಂದೆರಡು ಚೀಲ ಮೂಲೆಯಲ್ಲಿ ಉಳಿದಿದ್ದವು. ಎರಡೂ ದಾಣಾಗಳ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲಾಯಿತು. ರಾಳವನ್ನು ನಿಧಾನವಾಗಿ ಬಿಸಿಮಾಡುತ್ತ ತೂಕ ಅಳೆದರೆ 300ರಿಂದ 400 ಡಿಗ್ರಿಯ ನಡುವೆ ಅಸಿಟಿಕ್ ಆಮ್ಲ ಹೊರಟುಹೋಗುತ್ತದೆ, ಆ ತೂಕ ನಷ್ಟದಿಂದ ವಿನೈಲ್ ಅಸಿಟೇಟಿನ ಪಾಲು ಲೆಕ್ಕ ಸಿಗುತ್ತದೆ. ಎರಡು ಮಾದರಿಗಳ ಪಾಲೂ, ಕರಗುವ ಉಷ್ಣತೆಯೂ, ಹರಿವಿನ ಅಂಕೆಯೂ ಹೆಚ್ಚುಕಡಿಮೆ ಒಂದೇ ಆಗಿ ಬಂದವು. ವರದಿ ಬಂದರೂ ಮಾಲೀಕರ ಅನುಮಾನ ಹೋಗಲಿಲ್ಲ. ಎರಡು ತಿಂಗಳು ನಂಬಿದ್ದನ್ನು ಒಂದು ಹಾಳೆ ಕಾಗದ ನೋಡಿ ಬಿಡುವುದು ಯಾರಿಗೂ ಸುಲಭವಲ್ಲ, ಅದರಲ್ಲಿಯೂ ಹಣ ತಡೆಹಿಡಿದು ಸಂಬಂಧ ಕೆಡಿಸಿಕೊಂಡವರಿಗೆ.

ಅಷ್ಟರಲ್ಲಿ ಮಿಲ್ಲಿನ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದ್ದ ಹಿರಿಯ ಕೆಲಸಗಾರರೊಬ್ಬರು ವಾಪಸಾದ ಮೂಟೆಯಿಂದ ಜೋಡಿಗಳನ್ನು ತೆಗೆದು ಸಾಲಾಗಿ ಹರಡಿ ನೋಡುತ್ತಿದ್ದರು. "ಸಾರ್, ದಾಣಾ ಕೆಟ್ಟಿದ್ರೆ ಎರಡೂ ಕಾಲಿಂದೂ ಕುಗ್ಗಬೇಕಲ್ವಾ? ಇಲ್ಲಿ ಒಂದು ಚೆನ್ನಾಗಿದೆ, ಒಂದು ಕೆಟ್ಟಿದೆ" ಎಂದರು. ಮೇಲ್ವಿಚಾರಕರು ಅದಕ್ಕೆ, ಎಡ ಮತ್ತು ಬಲ ಬೇರೆ ಬೇರೆ ಬ್ಯಾಚಿನಿಂದ ಬಂದಿರಬಹುದು ಎಂದರು. ಆದರೆ ಚಪ್ಪಲಿ ತಯಾರಕರಲ್ಲಿ ವಿಚಾರಿಸಿದಾಗ ಬೇರೆಯೇ ಸಂಗತಿ ಗೊತ್ತಾಯಿತು. ದಪ್ಪ ಹಾಳೆಯನ್ನು ಅವರು ಸೀಳುವ ಯಂತ್ರದಲ್ಲಿ ಅಡ್ಡಲಾಗಿ ಎರಡು ಪದರ ಮಾಡಿ, ಪದರಗಳನ್ನು ಒಂದರ ಮೇಲೊಂದು ಇಟ್ಟು ಡೈಯಿಂದ ಕತ್ತರಿಸುತ್ತಿದ್ದರು. ಅಂದರೆ ಎಷ್ಟೋ ಜೋಡಿಗಳಲ್ಲಿ ಒಂದು ಅಟ್ಟೆ ಒಂದು ಹಾಳೆಯ ಮೇಲ್ಪದರದಿಂದಲೂ ಇನ್ನೊಂದು ಅದೇ ಹಾಳೆಯ ಕೆಳಪದರದಿಂದಲೂ ಬಂದಿತ್ತು. ಒಂದೇ ದಾಣಾ, ಒಂದೇ ಪಾಕ, ಒಂದೇ ಹಾಳೆ. ವ್ಯತ್ಯಾಸವಿದ್ದರೆ ಅದು ಹಾಳೆಯ ಮೇಲಿನ ಮತ್ತು ಕೆಳಗಿನ ಮೈಗೆ ತಗುಲಿದ ಬಿಸಿಯಲ್ಲಿ ಮಾತ್ರ ಇರಲು ಸಾಧ್ಯ.

ಘಟಕದಲ್ಲಿ ಎರಡು ಪ್ರೆಸ್ಸುಗಳಿದ್ದವು. ಒಂದೇ ಬಾರಿ ಕಲಸಿದ ಚಪ್ಪಲಿ ಪಾಕವನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಚಪ್ಪಲಿ ಹಾಳೆಯ ಪ್ರೆಸ್ಸಿನಲ್ಲಿಯೂ ಇನ್ನೊಂದನ್ನು ಪ್ಯಾಕಿಂಗ್ ಹಾಳೆಯ ಪ್ರೆಸ್ಸಿನಲ್ಲಿಯೂ ಒಂದೇ ಉಷ್ಣತೆ, ಒಂದೇ ಸಮಯಕ್ಕೆ ಒತ್ತಿಸಿದೆವು. ಹಿಗ್ಗಿದ ಹಾಳೆಗಳ ಮೇಲೆ ಮಾರ್ಕರ್‌ನಿಂದ ಪ್ರೆಸ್ಸಿನ ಖಾನೆಯ ಸಂಖ್ಯೆ, ಯಾವ ಮೈ ಮೇಲಿತ್ತು, ಯಾವ ಅಂಚು ಎಣ್ಣೆ ಪೈಪಿನ ಕಡೆಗಿತ್ತು ಎಂಬುದನ್ನು ಬರೆದು, ಮನೆಮನೆಯಾಗಿ ಗೆರೆ ಎಳೆದು, ಪ್ರತಿ ಮನೆಯಿಂದ ಮೇಲ್ಪದರ ಮತ್ತು ಕೆಳಪದರದ ತುಂಡು ತೆಗೆದು ಅಳೆದು, 70 ಡಿಗ್ರಿಯ ಓವನ್ನಿನಲ್ಲಿ ಒಂದು ಗಂಟೆ ಇಟ್ಟು, ತಣಿದ ಮೇಲೆ ಮತ್ತೆ ಅಳೆದೆವು.

ಪ್ಯಾಕಿಂಗ್ ಪ್ರೆಸ್ಸಿನಿಂದ ಬಂದ ಹಾಳೆಗಳಲ್ಲಿ ಎಲ್ಲ ತುಂಡುಗಳೂ ಅಲ್ಪವಾಗಿ, ಒಂದೇ ಸಮನಾಗಿ ಕುಗ್ಗಿದ್ದವು. ಚಪ್ಪಲಿ ಪ್ರೆಸ್ಸಿನ ಹಾಳೆಗಳಲ್ಲಿ ಚಿತ್ರ ಬೇರೆಯಾಗಿತ್ತು. ಆ ಪ್ರೆಸ್ಸಿನಲ್ಲಿ ಒಂದರ ಮೇಲೊಂದು ಆರು ಬಿಸಿ ಪ್ಲೇಟು, ಅವುಗಳ ನಡುವೆ ಐದು ಖಾನೆ. ಕೆಳಗಿನಿಂದ ಎರಡನೇ ಖಾನೆಯ ಹಾಳೆಯಲ್ಲಿ ಮೇಲ್ಪದರವೂ, ಮೂರನೇ ಖಾನೆಯ ಹಾಳೆಯಲ್ಲಿ ಕೆಳಪದರವೂ ಹೆಚ್ಚು ಕುಗ್ಗಿದ್ದವು, ಅದೂ ಎಣ್ಣೆ ಪೈಪಿನಿಂದ ದೂರದ ಅಂಚಿನಲ್ಲಿ. ಉಳಿದ ಮೂರು ಖಾನೆಗಳು ಸರಿಯಾಗಿದ್ದವು. ಎರಡನೇ ಖಾನೆಯ ಮೇಲೂ ಮೂರನೇ ಖಾನೆಯ ಕೆಳಗೂ ಇರುವುದು ಒಂದೇ ಪ್ಲೇಟು, ಮೂರನೆಯದು. ಎಂದರೆ ಕಾಯಿಲೆ ಇದ್ದದ್ದು ಒಂದು ಪ್ಲೇಟಿನ ಒಂದು ಬದಿಯಲ್ಲಿ.

ಕಾರಣದ ಬೇರು

ಪ್ರೆಸ್ಸಿನ ಫಲಕದ ಮೇಲೆ ಉಷ್ಣತೆ ಯಾವಾಗಲೂ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಅದು ಪ್ಲೇಟಿನ ಉಷ್ಣತೆಯಾಗಿರಲಿಲ್ಲ. ಪ್ಲೇಟುಗಳನ್ನು ಬಿಸಿಮಾಡಲು ಸೌದೆ ಒಲೆಯ ಹೀಟರಿನಲ್ಲಿ ಕಾಯಿಸಿದ ಥರ್ಮಿಕ್ ಎಣ್ಣೆಯನ್ನು ಪ್ಲೇಟಿನೊಳಗಿನ ಕೊರೆದ ಹಾದಿಗಳಲ್ಲಿ ಹರಿಸುತ್ತಿದ್ದರು, ಉಷ್ಣತೆ ಅಳೆಯುವ ಸಲಾಕೆ ಎಣ್ಣೆ ಒಳಬರುವ ಮುಖ್ಯ ಪೈಪಿನಲ್ಲಿತ್ತು. ಪ್ಲೇಟಿನ ಮೈಗೆ ತಾಗಿಸಿ ಅಳೆಯುವ ಥರ್ಮಾಮೀಟರ್ ತಂದು ನೋಡಿದಾಗ ಮೂರನೇ ಪ್ಲೇಟಿನ ದೂರದ ಅಂಚು ಹತ್ತು ಡಿಗ್ರಿಗೂ ಮಿಗಿಲಾಗಿ ತಣ್ಣಗಿತ್ತು.

ಹತ್ತು ಡಿಗ್ರಿ ಎಂದರೆ ಕೇಳಲು ಸಣ್ಣ ವ್ಯತ್ಯಾಸ, ಡಿಸಿಪಿಯ ಪಾಲಿಗೆ ಅದು ದೊಡ್ಡದು. ಡಿಸಿಪಿಯ ಅರ್ಧ ಭಾಗ ಒಡೆಯಲು 175 ಡಿಗ್ರಿಯ ಆಸುಪಾಸಿನಲ್ಲಿ ಒಂದು ನಿಮಿಷದಷ್ಟು ಸಾಕು. ಹತ್ತು ಡಿಗ್ರಿ ಇಳಿದಂತೆ ಆ ಸಮಯ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಹಳದಿ ಪುಡಿಯ ಕತೆ ಬೇರೆ. ಅದು ತಾನಾಗಿ ಒಡೆಯುವುದು 200 ಡಿಗ್ರಿಯ ಮೇಲೆ, ಆದರೆ ಜಿಂಕ್ ಆಕ್ಸೈಡ್ ಜೊತೆಗಿದ್ದರೆ 150ರಿಂದ 170ರ ನಡುವೆಯೇ ಒಡೆಯುತ್ತದೆ. ಆದ್ದರಿಂದ ತಣ್ಣನೆಯ ಅಂಚಿನಲ್ಲಿಯೂ ಅನಿಲ ಬಹುಮಟ್ಟಿಗೆ ಹುಟ್ಟಿತ್ತು, ಹಾಳೆ ಕಣ್ಣಿಗೆ ಚೆನ್ನಾಗಿಯೇ ಹಿಗ್ಗಿತ್ತು, ಬಲೆ ಮಾತ್ರ ಅರೆಬರೆಯಾಗಿತ್ತು. ಕುದಿಯುವ ಕ್ಸೈಲೀನ್ ಎಂಬ ದ್ರಾವಕದಲ್ಲಿ ತುಂಡುಗಳನ್ನು ಹಾಕಿ, ಕರಗದೆ ಉಳಿಯುವ ಪಾಲನ್ನು ತೂಗಿದಾಗ ಇದು ದೃಢಪಟ್ಟಿತು: ಬೆಸೆದ ಬಲೆ ಕರಗುವುದಿಲ್ಲ, ಬೆಸೆಯದ ರಾಳ ಕರಗಿಹೋಗುತ್ತದೆ. ಕುಗ್ಗಿದ ಮನೆಗಳ ತುಂಡುಗಳಲ್ಲಿ ಉಳಿದದ್ದು ಸ್ಪಷ್ಟವಾಗಿ ಕಡಿಮೆ ಇತ್ತು.

ಪ್ಲೇಟು ತಣ್ಣಗಾದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಣ್ಣೆಯನ್ನು ಇಳಿಸಿದಾಗ. ಎಣ್ಣೆ ಕಪ್ಪಾಗಿ ಮಂದವಾಗಿತ್ತು, ಪ್ಲೇಟಿನ ಒಳಹಾದಿಯೊಂದು ಇಂಗಾಲದ ಕಸದಿಂದ ಬಹುಪಾಲು ಮುಚ್ಚಿಹೋಗಿತ್ತು. ಆ ಬೇಸಿಗೆಯಲ್ಲಿ ವಿದ್ಯುತ್ ಪದೇಪದೇ ಹೋಗುತ್ತಿತ್ತು. ವಿದ್ಯುತ್ ಹೋದಾಗ ಎಣ್ಣೆ ತಿರುಗಿಸುವ ಪಂಪು ನಿಲ್ಲುತ್ತದೆ, ಸೌದೆಯ ಬೆಂಕಿ ನಿಲ್ಲುವುದಿಲ್ಲ. ಹೀಟರಿನ ಸುರುಳಿಯಲ್ಲಿ ನಿಂತ ಎಣ್ಣೆ ಮಿತಿಮೀರಿ ಕಾದು ಸೀದು ಇಂಗಾಲವಾಗುತ್ತದೆ. ವಿದ್ಯುತ್ ಬಂದ ಮೇಲೆ ಆ ಇಂಗಾಲ ಹರಿದು ಕಿರಿದಾದ ಹಾದಿಯಲ್ಲಿ ಕೂರುತ್ತದೆ. ಘಟಕದ ಜನರೇಟರಿಗೆ ದೀಪ ಮತ್ತು ಕಚೇರಿಯ ಸಂಪರ್ಕವಿತ್ತು, ಪಂಪಿನದು ಇರಲಿಲ್ಲ. ದಾಣಾ ಬದಲಾದ ತಿಂಗಳೂ ವಿದ್ಯುತ್ ಕಡಿತ ಹೆಚ್ಚಾದ ತಿಂಗಳೂ ಹತ್ತಿರ ಹತ್ತಿರವಿದ್ದವು. ಒಂದು ಬದಲಾವಣೆ ಖರೀದಿ ಪುಸ್ತಕದಲ್ಲಿ ದಾಖಲಾಗಿತ್ತು, ಇನ್ನೊಂದು ಎಲ್ಲಿಯೂ ದಾಖಲಾಗಿರಲಿಲ್ಲ, ಆದ್ದರಿಂದ ಕಣ್ಣಿಗೆ ಬಿದ್ದದ್ದು ಮೊದಲನೆಯದು ಮಾತ್ರ.

ಇದರ ಜೊತೆ ಇನ್ನೊಂದು ಸಣ್ಣ ಕಾರಣವೂ ಸೇರಿತ್ತು. ಪ್ರೆಸ್ಸಿನಿಂದ ಹೊರಬಿದ್ದ ಹಾಳೆ ತಣಿಯುವಾಗಲೂ, ಒಳಗಿನ ಅನಿಲ ಹೊರಗಿನ ಗಾಳಿಯೊಂದಿಗೆ ಅದಲುಬದಲಾಗುವಾಗಲೂ ಸ್ವಲ್ಪ ಕುಗ್ಗುವುದು ಸಹಜ. ಮಂದ ವ್ಯಾಪಾರದ ದಿನಗಳಲ್ಲಿ ಹಾಳೆ ಗೋದಾಮಿನಲ್ಲಿ ಕೆಲವು ದಿನ ಕೂತು ಈ ಕುಗ್ಗುವಿಕೆ ಕತ್ತರಿಸುವ ಮೊದಲೇ ಮುಗಿದಿರುತ್ತಿತ್ತು. ಬೇಡಿಕೆಯ ಒತ್ತಡದಲ್ಲಿ ಅಂದಿನ ಹಾಳೆ ಅಂದೇ ಕಟಿಂಗಿಗೆ ಹೋದದ್ದರಿಂದ ಅದೂ ಚಪ್ಪಲಿಯ ಅಳತೆಗೆ ಸೇರಿಕೊಂಡಿತು.

ಕೈಗೊಂಡ ನಿರ್ಧಾರಗಳು ಮತ್ತು ಫಲ

ಕಾರಣ ತಿಳಿದಾಗ ಬೇಡಿಕೆ ಇನ್ನೂ ಇಳಿದಿರಲಿಲ್ಲ. ಪ್ರೆಸ್ ಪೂರ್ತಿ ನಿಲ್ಲಿಸಿ ಎಣ್ಣೆ ಹಾದಿ ಶುಚಿ ಮಾಡಿಸಿದರೆ ವಾರಗಟ್ಟಲೆ ಉತ್ಪಾದನೆ ಹೋಗುತ್ತದೆ, ಒತ್ತುವ ಸಮಯವನ್ನು ಎಲ್ಲ ಖಾನೆಗಳಿಗೂ ಹೆಚ್ಚಿಸಿದರೆ ಉಳಿದ ಮೂರು ಖಾನೆಗಳ ಉತ್ಪಾದನೆಯೂ ನಿಧಾನವಾಗುತ್ತದೆ. ಮಾಲೀಕರು ಮೂರನೆಯ ದಾರಿ ಹಿಡಿದರು. ಎರಡನೇ ಮತ್ತು ಮೂರನೇ ಖಾನೆಯಲ್ಲಿ ಚಪ್ಪಲಿ ಹಾಳೆ ಒತ್ತುವುದನ್ನು ನಿಲ್ಲಿಸಿ, ಉಳಿದ ಮೂರರಲ್ಲಿ ಹಳೆಯ ಪಾಕದಲ್ಲಿಯೇ ಮುಂದುವರಿಸಿದರು, ಶುಚಿ ಕೆಲಸವನ್ನು ಜೂನ್ ಕೊನೆಗೆ ನಿಗದಿ ಮಾಡಿದರು. ಆ ಒತ್ತಡದಲ್ಲಿ ಇದು ಕೈಗೊಳ್ಳಲು ಸಾಧ್ಯವಿದ್ದ ಅತ್ಯುತ್ತಮ ನಿರ್ಧಾರವೆಂದು ನನಗೆ ಅನ್ನಿಸುತ್ತದೆ. ಕೆಟ್ಟ ಖಾನೆಗಳನ್ನು ಮುಚ್ಚಿದ ಮೇಲೆ ಓವನ್ ಪರೀಕ್ಷೆಯಲ್ಲಿ ಅತಿಯಾಗಿ ಕುಗ್ಗುವ ತುಂಡು ಸಿಗಲಿಲ್ಲ.

ಅದಕ್ಕಿಂತಲೂ ಕಷ್ಟದ ನಿರ್ಧಾರ ಚಪ್ಪಲಿ ತಯಾರಕರಿಗೆ ಏನು ಹೇಳುವುದೆಂಬುದು. ದಾಣಾದ ಮೇಲೆ ಹಾಕಿ ಸುಮ್ಮನಾಗುವ ಅವಕಾಶವಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ. ಮಾಲೀಕರು ಅವರನ್ನು ಕಾರ್ಖಾನೆಗೆ ಕರೆಸಿ, ಗೆರೆ ಎಳೆದ ಹಾಳೆಗಳನ್ನೂ ಕುಗ್ಗಿದ ತುಂಡುಗಳನ್ನೂ ಮುಂದಿಟ್ಟು, ತಮ್ಮ ಪ್ರೆಸ್ಸಿನ ದೋಷವೆಂದು ಒಪ್ಪಿಕೊಂಡರು. ಕತ್ತರಿಸದೆ ಉಳಿದಿದ್ದ ಹಾಳೆಗಳನ್ನು ವಾಪಸು ಪಡೆದು, ಬಿಸಿ ತಗುಲದ ಪ್ಯಾಕಿಂಗ್ ಕೆಲಸಕ್ಕೆ ಕಡಿಮೆ ಬೆಲೆಗೆ ಕೊಟ್ಟರು. ಕತ್ತರಿಸಿ ಹಾಳಾದದ್ದರ ನಷ್ಟವನ್ನು ಇಬ್ಬರೂ ಹಂಚಿಕೊಂಡರು. ಇದಕ್ಕೆ ಪ್ರತಿಯಾಗಿ ಚಪ್ಪಲಿ ತಯಾರಕರು ಹಾಳೆಯನ್ನು ಕನಿಷ್ಠ ಎರಡು ದಿನ ಕೂರಿಸಿದ ನಂತರವೇ ಕತ್ತರಿಸಲು ಒಪ್ಪಿದರು. ತಾವು ಗದರಿಸಿದ್ದ ಕಟಿಂಗ್ ಹುಡುಗರನ್ನು ಕರೆದು ವಿಷಯ ತಿಳಿಸಿದರು ಎಂಬುದನ್ನೂ ಇಲ್ಲಿ ದಾಖಲಿಸಬೇಕು. ದಾಣಾ ವ್ಯಾಪಾರಿಗೆ ತಡೆಹಿಡಿದ ಹಣ ಪೂರ್ತಿ ಸಂದಾಯವಾಯಿತು. ಆದರೆ ಅವರು ಆಮೇಲೆ ಸಾಲದ ಮೇಲೆ ದಾಣಾ ಕೊಡುವುದನ್ನು ನಿಲ್ಲಿಸಿದರು, ಆ ವಿಶ್ವಾಸ ಇದನ್ನು ಬರೆಯುವ ಹೊತ್ತಿಗೂ ಮರಳಿಲ್ಲ.

ಕಲಿಯಬೇಕಾದ ಸಂಗತಿಗಳು

ಫೋಮ್ ಹಾಳೆಯ ದೋಷವನ್ನು ಹುಡುಕುವಾಗ ಅದು ಹಾಳೆಯಲ್ಲಿ ಎಲ್ಲಿದೆ ಎಂಬುದನ್ನು ಕೇಳುವ ಮೊದಲು ಪಾಕವನ್ನು ಮುಟ್ಟಬಾರದು. ರಾಳದ ಅಥವಾ ಪಾಕದ ದೋಷ ಇಡೀ ಬ್ಯಾಚಿಗೆ ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ. ಕಲಸುವಿಕೆ ಸರಿಯಿಲ್ಲದಿದ್ದರೆ ದೋಷ ಅಲ್ಲಲ್ಲಿ ಚದುರಿ ಕಾಣುತ್ತದೆ. ಬಿಸಿಯ ದೋಷ ಒಂದು ಅಂಚಿಗೆ, ಒಂದು ಮೈಗೆ, ಒಂದು ಖಾನೆಗೆ ಅಂಟಿಕೊಂಡಿರುತ್ತದೆ. ಈ ಮೂರನ್ನು ಬೇರ್ಪಡಿಸಲು ದುಬಾರಿ ಉಪಕರಣ ಬೇಕಿರಲಿಲ್ಲ, ಮಾರ್ಕರ್, ಅಳತೆಪಟ್ಟಿ ಮತ್ತು ಒಂದು ಸಣ್ಣ ಓವನ್ ಸಾಕಾಯಿತು. ಪ್ರಯೋಗಾಲಯದ ವರದಿ ರಾಳವನ್ನು ದೋಷಮುಕ್ತಗೊಳಿಸಿತು ನಿಜ, ಆದರೆ ಮಾಲೀಕರ ಮನಸ್ಸು ಬದಲಾದದ್ದು ತಮ್ಮದೇ ಎರಡು ಪ್ರೆಸ್ಸುಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿ ನೋಡಿದಾಗ. ಒಂದೇ ಬಾರಿ ಕಲಸಿದ ಪಾಕವನ್ನು ಎರಡು ಯಂತ್ರಕ್ಕೆ ಹಂಚುವ ಆ ಸರಳ ಪ್ರಯೋಗವನ್ನು ಏಪ್ರಿಲ್ ಮೊದಲ ವಾರದಲ್ಲಿಯೇ ಮಾಡಿದ್ದರೆ ಡಿಸಿಪಿ ಹೆಚ್ಚಿಸಿದ ಸರಕು ಮಾರುಕಟ್ಟೆಗೆ ಹೋಗುತ್ತಲೇ ಇರಲಿಲ್ಲ.

ಗ್ರಾಹಕರ ದೂರನ್ನು ದಾಖಲಿಸುವ ಕ್ರಮವೂ ಬದಲಾಗಬೇಕು. "ಹಾಳೆ ಕುಗ್ಗುತ್ತಿದೆ" ಎಂದಷ್ಟೇ ಬರೆದುಕೊಂಡಲ್ಲಿ ಕಲಬುರಗಿಯ ಬಿಸಿಲೂ ಒಂಟಿ ಕಾಲಿನ ಕುಗ್ಗುವಿಕೆಯೂ ಕಳೆದುಹೋಗುತ್ತವೆ. ಯಾವ ಊರು, ಯಾವ ಸೈಜು, ಜೋಡಿಯಲ್ಲಿ ಒಂದೋ ಎರಡೋ, ಎಷ್ಟು ದಿನದ ಮೇಲೆ ಎಂಬಿಷ್ಟು ವಿವರ ಕೇಳಿ ಬರೆದುಕೊಳ್ಳುವುದು ಗುಮಾಸ್ತರಿಗೆ ಹೆಚ್ಚಿನ ಹೊರೆಯಲ್ಲ.

ಜುಲೈ ಹೊತ್ತಿಗೆ ಎಣ್ಣೆ ಬದಲಾಯಿಸಿ, ಪ್ಲೇಟುಗಳ ಹಾದಿ ಶುಚಿ ಮಾಡಿ, ಪಂಪನ್ನು ಜನರೇಟರಿಗೆ ಜೋಡಿಸಿ ಪ್ರೆಸ್ಸನ್ನು ಮತ್ತೆ ಪೂರ್ತಿ ಓಡಿಸತೊಡಗಿದರು. ಈಗ ಪ್ರತಿ ಸೋಮವಾರ ಬೆಳಗ್ಗೆ ಪ್ಲೇಟುಗಳ ನಾಲ್ಕು ಮೂಲೆ ಮತ್ತು ನಡುವಿನ ಉಷ್ಣತೆಯನ್ನು ತಾಗಿಸಿ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ, ಪ್ರತಿ ಬ್ಯಾಚಿನ ಮೂಲೆಯ ಮತ್ತು ನಡುವಿನ ತುಂಡನ್ನು ಓವನ್ನಿಗೆ ಹಾಕುತ್ತಾರೆ, ವಿದ್ಯುತ್ ಹೋದ ಹೊತ್ತನ್ನೂ ಅದೇ ಪುಸ್ತಕದಲ್ಲಿ ನಮೂದಿಸುತ್ತಾರೆ. ಪ್ರತಿ ಪ್ಲೇಟಿಗೂ ಪ್ರತ್ಯೇಕ ಉಷ್ಣತಾ ಸಲಾಕೆ ಕೂರಿಸುವ ಕೆಲಸ ಹಣದ ಕಾರಣದಿಂದ ಮುಂದಿನ ವರ್ಷಕ್ಕೆ ಹೋಗಿದೆ. ಹಾಳೆಗಳನ್ನು ಎರಡು ದಿನ ಕೂರಿಸಲು ಜಾಗ ಸಾಲದೆ ಪಕ್ಕದ ಶೆಡ್ಡಿನ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಿದ್ದಾರೆ, ಆ ಬಾಡಿಗೆಯನ್ನು ಹಾಳೆಯ ಬೆಲೆಗೆ ಸೇರಿಸುವ ಬಗ್ಗೆ ಚಪ್ಪಲಿ ತಯಾರಕರೊಂದಿಗೆ ಮಾತುಕತೆ ನಡೆಯುತ್ತಿದೆ.